ಕರೆಂಟ್ ಬಂದ ಮೇಲೆ ಯಾರು ಮೊದಲು?

ಯೂನಿಕ್ಸ್ ಕಟ್ಟಿದವರ ಊರಿನಲ್ಲಿ ಕರೆಂಟ್ ಹೋಗುತ್ತಿರಲಿಲ್ಲ ಎಂಬುದು ನನ್ನ ಹಳೆಯ ಗುಮಾನಿ. ಯಂತ್ರ ಏಳುವಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ವಿಚಾರಕ್ಕೆ ಅವರು ಅಷ್ಟು ಕಡಿಮೆ ತಲೆ ಕೆಡಿಸಿಕೊಂಡಿದ್ದಾರೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸಿನಲ್ಲಿ ಕೂತು 1971ರ ನವೆಂಬರಿನಲ್ಲಿ ಹೊರತಂದ ಮೊದಲ ಕೈಪಿಡಿಯಲ್ಲಿ ಇನಿಟ್ ಎಂಬ ಪ್ರೋಗ್ರಾಮಿಗೆ ಒಂದು ಪುಟ್ಟ ಜಾಗವಿದೆ. ಬೂಟಿನ ಕೊನೆಯ ಹೆಜ್ಜೆಯಾಗಿ ಅದು ಹುಟ್ಟುತ್ತದೆ. ಒಂದೊಂದು ಟೆಲಿಟೈಪಿಗೂ ಒಂದೊಂದು ಪ್ರೋಸೆಸ್ ಹುಟ್ಟಿಸುತ್ತದೆ. ಕೂತವರು ಕೆಲಸ ಮುಗಿಸಿ ಎದ್ದುಹೋದರೆ ಮುಂದಿನವರಿಗಾಗಿ ಇನ್ನೊಂದನ್ನು ಹುಟ್ಟಿಸುತ್ತದೆ. ಆಮೇಲಿನ ಯೂನಿಕ್ಸುಗಳಲ್ಲೆಲ್ಲ ಅದರ ನಂಬರು 1. ಹುಟ್ಟಿಸಿದ ಪ್ರೋಸೆಸ್ ಸತ್ತು ತಬ್ಬಲಿಯಾದ ಮರಿ ಪ್ರೋಸೆಸ್ಸುಗಳೆಲ್ಲ ಕೊನೆಗೆ ಬಂದು ಸೇರುವುದು ಈ ಒಂದನೇ ನಂಬರಿನ ಹತ್ತಿರ. ಅವು ಸತ್ತಾಗ ಲೆಕ್ಕದಿಂದ ಹೆಸರು ಹೊಡೆದುಹಾಕುವ ಹೊಣೆಯೂ ಅದರದ್ದೇ.

ಹಿನ್ನೆಲೆಯಲ್ಲಿ ಓಡಬೇಕಾದ ಸರ್ವಿಸುಗಳ ವಿಷಯ? ಅದಕ್ಕೆ ಆರ್‌ಸಿ ಎಂಬ ಒಂದು ಶೆಲ್ ಸ್ಕ್ರಿಪ್ಟ್ ಇತ್ತು. ಡಿಸ್ಕಿಗೆ ಬರೆಯದೆ ಉಳಿದದ್ದನ್ನು ಆಗಾಗ ಬರೆಸುವ ಅಪ್‌ಡೇಟ್, ಆಮೇಲೆ ಬಂದ ಕ್ರಾನ್, ಇಂಥ ಒಂದೆರಡನ್ನು ಅದು ಶುರು ಮಾಡಿ ಕೈತೊಳೆದುಕೊಳ್ಳುತ್ತಿತ್ತು. ಶುರು ಮಾಡಿದ್ದು ಬದುಕಿದೆಯೋ ಇಲ್ಲವೋ ಎಂದು ತಿರುಗಿ ನೋಡುವ ರೂಢಿ ಇರಲಿಲ್ಲ.

ಕಂಪ್ಯೂಟರನ್ನು ಎಬ್ಬಿಸುವ ವ್ಯವಸ್ಥೆಯ ಐವತ್ತು ವರ್ಷಗಳ ಚರಿತ್ರೆಯನ್ನು ನಾನು ಒಂದೇ ಪ್ರಶ್ನೆ ಕೈಯಲ್ಲಿ ಹಿಡಿದು ಓದುತ್ತೇನೆ: ಸರ್ವಿಸ್ ಸತ್ತರೆ ಮೊದಲು ಯಾರಿಗೆ ಗೊತ್ತಾಗುತ್ತದೆ? ತೊಂಬತ್ತರ ದಶಕದಲ್ಲಿ, ನಾನು ಈ ಕಸುಬಿಗೆ ಬಿದ್ದ ಹೊಸತರಲ್ಲಿ, ಉತ್ತರ ಸರಳವಾಗಿತ್ತು. ಮ್ಯಾನೇಜರಿಗೆ.

ದಾವಣಗೆರೆ ಕಡೆಯ ಒಂದು ಸಹಕಾರಿ ಬ್ಯಾಂಕು. ರಂಗರಾಜನ್ ಸಮಿತಿ 1984ರಲ್ಲೂ 1989ರಲ್ಲೂ ಕೊಟ್ಟ ವರದಿಗಳ ಮೇಲೆ ದೊಡ್ಡ ಬ್ಯಾಂಕುಗಳಿಗೆ ಬಂದ ಕಂಪ್ಯೂಟರು ನಿಧಾನಕ್ಕೆ ನಮ್ಮಂಥ ಸಣ್ಣವರ ಬಾಗಿಲಿಗೂ ಬಂದಿತ್ತು. ಒಂದು ಪೆಟ್ಟಿಗೆ, ಒಳಗೆ ಎಸ್‌ಸಿಒ ಯೂನಿಕ್ಸ್, ಅದಕ್ಕೆ ಸೀರಿಯಲ್ ವೈರಿನಲ್ಲಿ ಕಟ್ಟಿದ ಡಂಬ್ ಟರ್ಮಿನಲ್ಲುಗಳು. ಬೇಸಿಗೆ ಬಂತೆಂದರೆ ಲೋಡ್ ಶೆಡ್ಡಿಂಗ್. ಯುಪಿಎಸ್ ಒಂದಷ್ಟು ಹೊತ್ತು ಕೂಗಿ ಸುಮ್ಮನಾದರೆ ಎಲ್ಲ ಪರದೆಗಳೂ ಒಟ್ಟಿಗೆ ಕಪ್ಪು. ಕರೆಂಟ್ ಬಂದ ಮೇಲೆ ಯಂತ್ರ ಎದ್ದು, ಡಿಸ್ಕನ್ನು ತಡಕಾಡಿ, ನಡುವೆ ನಿಂತು ಕೇಳುತ್ತಿತ್ತು: ಮಾಮೂಲಿನಂತೆ ಮುಂದುವರಿಯಲು ಕಂಟ್ರೋಲ್-ಡಿ ಒತ್ತು, ರಿಪೇರಿ ಇದ್ದರೆ ರೂಟ್ ಪಾಸ್‌ವರ್ಡ್ ಕೊಡು. ಬೆಲ್ ಲ್ಯಾಬ್ಸಿನಲ್ಲಿ ಅಪರೂಪಕ್ಕೆ ಎದುರಾಗುತ್ತಿದ್ದಿರಬಹುದಾದ ಈ ಪ್ರಶ್ನೆ ನಮಗೆ ಬೆಳಗಿನ ಕಾಫಿಯಷ್ಟು ಮಾಮೂಲು. ಕೌಂಟರಿನ ಮುಂದೆ ಪಾಸ್‌ಬುಕ್ ಹಿಡಿದ ಜನ, ಒಳಗಿನಿಂದ ಮ್ಯಾನೇಜರ್ ದನಿ: "ಏನ್ರೀ, ಇನ್ನೂ ಬರಲಿಲ್ವೇನ್ರೀ ಸಿಸ್ಟಮ್ಮು?" "ಬಂತು ಸಾರ್, ಪ್ರಿಂಟರ್ ಒಂದು ಬರಬೇಕು." ಪ್ರಿಂಟರಿಗೆ ಕೆಲಸ ಹಂಚುವ ಪ್ರೋಗ್ರಾಮ್ ಎದ್ದಿಲ್ಲವೆಂಬುದು ಯಂತ್ರಕ್ಕೆ ಗೊತ್ತಿರುತ್ತಿರಲಿಲ್ಲ. ಅದು ಗೊತ್ತಾಗುತ್ತಿದ್ದದ್ದು ಡಿಡಿ ಮಾಡಿಸಲು ಬಂದವರಿಗೆ.

ಎಸ್‌ಸಿಒ ನಡೆಯುತ್ತಿದ್ದದ್ದು ಎಟಿ ಆಂಡ್ ಟಿಯ ಸಿಸ್ಟಮ್ ಫೈವ್ ಪದ್ಧತಿಯಲ್ಲಿ. 1983ರ ಆ ಯೂನಿಕ್ಸಿನ ಬಳಗದಲ್ಲಿ ಬೆಳೆದ ಏರ್ಪಾಡು ಹೀಗಿತ್ತು: ಇನಿಟ್‌ಟ್ಯಾಬ್ ಎಂಬ ಒಂದು ಫೈಲು, ರನ್‌ಲೆವೆಲ್ ಎಂಬ ಅಂಕಿಗಳು, ಪ್ರತಿ ಅಂಕಿಗೂ ಒಂದು ಡೈರೆಕ್ಟರಿ. ಸೊನ್ನೆ ಎಂದರೆ ಯಂತ್ರ ನಿಲ್ಲಿಸು, 1 ಎಂದರೆ ರಿಪೇರಿಯವನೊಬ್ಬನೇ, 6 ಎಂದರೆ ಮತ್ತೆ ಏಳು. ನಡುವಿನ ಅಂಕಿಗಳಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಕೊಟ್ಟರು. ರೆಡ್ ಹ್ಯಾಟ್‌ನವರಿಗೆ 3 ಅಂದರೆ ಬರೀ ಅಕ್ಷರದ ಪರದೆ, 5 ಅಂದರೆ ಚಿತ್ರದ ಪರದೆ. ಡೆಬಿಯನ್‌ನವರಿಗೆ 2ರಿಂದ 5ರ ತನಕ ಎಲ್ಲ ಒಂದೇ. ನನ್ನ ಕೆಲಸದಲ್ಲಂತೂ ಈ ಅಂಕಿಗಳಿಂದ ಆದ ಉಪಕಾರಕ್ಕಿಂತ ಪರೀಕ್ಷೆಗಳಲ್ಲಿ ಕೇಳಿಸಿಕೊಂಡ ಪ್ರಶ್ನೆಗಳೇ ಹೆಚ್ಚು. ಡೈರೆಕ್ಟರಿಯೊಳಗೆ ಎಸ್20, ಎಸ್21, ಕೆ80 ಎಂದು ಹೆಸರಿಟ್ಟ ಕೊಂಡಿಗಳು: ಎಸ್ ಇದ್ದರೆ ಶುರು ಮಾಡು, ಕೆ ಇದ್ದರೆ ಕೊಲ್ಲು, ಅಂಕಿ ಸಣ್ಣದಿದ್ದವರು ಮೊದಲು. ಡೇಟಾಬೇಸಿಗಿಂತ ಮೊದಲು ಅದನ್ನು ನೆಚ್ಚಿಕೊಂಡ ಪ್ರೋಗ್ರಾಮ್ ಎದ್ದರೆ ಅದರ ಅಂಕಿಯನ್ನು 20ರಿಂದ 25 ಮಾಡಿದರೆ ಸಾಕು, ಕೆಲಸವಾಯಿತು. ಯಾಕೆ 25 ಎಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಬರೆದವನು ಬೇರೆ ಕಡೆ ಕೆಲಸ ಹಿಡಿದು ಹೋಗಿರುತ್ತಾನೆ.

ಲಿನಕ್ಸಿಗೆ ಈ ಪದ್ಧತಿಯನ್ನು ತಂದವರು ನೆದರ್ಲೆಂಡ್ಸಿನ ಮಿಕೆಲ್ ವಾನ್ ಸ್ಮೂರೆನ್‌ಬರ್ಗ್. ಅವರ ಇನಿಟ್‌ಟ್ಯಾಬಿನಲ್ಲಿ ನನಗೆ ತೀರ ಇಷ್ಟವಾದ ಸಾಲುಗಳೆಂದರೆ ಕರೆಂಟಿಗೆ ಮೀಸಲಾದವು. ಯುಪಿಎಸ್ಸಿನ ವೈರು ಕಾಯುವ ಪುಟ್ಟ ಪ್ರೋಗ್ರಾಮ್ ಒಂದನೇ ಪ್ರೋಸೆಸ್ಸಿಗೆ ಒಂದು ಸಿಗ್ನಲ್ ಕಳಿಸುತ್ತದೆ. ಇನಿಟ್ ತನ್ನ ಪಟ್ಟಿ ನೋಡುತ್ತದೆ: ಕರೆಂಟ್ ಹೋದರೆ ಇದನ್ನು ಓಡಿಸು, ಬ್ಯಾಟರಿ ತಳ ಹಿಡಿದರೆ ಇದನ್ನು, ಕರೆಂಟ್ ಮರಳಿ ಬಂದರೆ ಇದನ್ನು. ಮೂರು ಸಾಲು, ಅಷ್ಟೆ. ನನ್ನ ಗುಮಾನಿಯನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುವ ಹಾಗೆ ಮಾಡಿದ್ದು ಈ ಮೂರು ಸಾಲು. ಬ್ಯಾಂಕಿಗೆ ಲಿನಕ್ಸ್ ಬಂದ ಮೇಲೆ ನಾವು ಮೊದಲು ಸರಿಮಾಡಿಕೊಂಡದ್ದೂ ಅದನ್ನೇ. ಡೇಟಾಬೇಸ್ ಮುಚ್ಚಿ, ಡಿಸ್ಕ್ ಕಳಚಿ, ಯಂತ್ರ ತಾನಾಗಿ ಮಲಗುವುದನ್ನು ನೋಡಲು ಮ್ಯಾನೇಜರೇ ಎದ್ದು ಬಂದಿದ್ದರು.

ಇನಿಟ್‌ಟ್ಯಾಬಿನಲ್ಲಿ ಇನ್ನೂ ಒಂದು ಮಾತಿತ್ತು, ರೆಸ್ಪಾನ್. ಹಾಗೆಂದು ಬರೆದ ಪ್ರೋಗ್ರಾಮ್ ಸತ್ತರೆ ಇನಿಟ್ ಅದನ್ನು ತಕ್ಷಣ ಮತ್ತೆ ಹುಟ್ಟಿಸುತ್ತದೆ. ಮೇಲಿಂದ ಮೇಲೆ ಸಾಯುತ್ತಿದ್ದರೆ ಬೇಸತ್ತು, ಇದನ್ನು ಐದು ನಿಮಿಷ ಮುಟ್ಟುವುದಿಲ್ಲ ಎಂದು ಪರದೆಯ ಮೇಲೆ ಬರೆಯುತ್ತದೆ. ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು, ನೋಡಿ! ಆದರೆ ಈ ಭಾಗ್ಯ ಲಾಗಿನ್ ಪರದೆಗಳಿಗೆ ಮಾತ್ರ. ವೆಬ್ ಸರ್ವರ್, ಮೇಲ್ ಸರ್ವರ್, ಡೇಟಾಬೇಸ್ ಇವೆಲ್ಲ ಎಸ್ ಮತ್ತು ಕೆ ಸ್ಕ್ರಿಪ್ಟುಗಳ ಪಾಲು. ಸ್ಕ್ರಿಪ್ಟ್ ಸರ್ವಿಸನ್ನು ಶುರು ಮಾಡುತ್ತದೆ, ಸರ್ವಿಸ್ ತನ್ನ ಮರಿಯನ್ನು ಹುಟ್ಟಿಸಿ ತಾನು ಸಾಯುತ್ತದೆ, ಆ ಮರಿ ತನ್ನ ನಂಬರನ್ನು ಒಂದು ಪಿಐಡಿ ಫೈಲಿನಲ್ಲಿ ಬರೆದಿಡುತ್ತದೆ. ನಿಲ್ಲಿಸಬೇಕಾದರೆ ಆ ಫೈಲು ಓದಿ ಆ ನಂಬರನ್ನು ಕೊಲ್ಲಬೇಕು. ಸರ್ವಿಸ್ ಯಾವಾಗಲೋ ಸತ್ತು ಅದೇ ನಂಬರು ಬೇರೊಂದು ಬಡಪಾಯಿ ಪ್ರೋಸೆಸ್ಸಿಗೆ ಸಿಕ್ಕಿದ್ದರೆ ಏಟು ಅದಕ್ಕೆ. ಇದನ್ನು ಅಸಂಬದ್ಧವೆಂದು ಗಟ್ಟಿಯಾಗಿ ಹೇಳಿದವರಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ಒಬ್ಬರು. ಅವರ ಡೀಮನ್‌ಟೂಲ್ಸ್ ಇನಿಟ್‌ಟ್ಯಾಬಿನಲ್ಲಿ ಒಂದೇ ಒಂದು ರೆಸ್ಪಾನ್ ಸಾಲು ಹಾಕಿಸಿಕೊಂಡು, ಆ ಸಾಲಿನ ಕೆಳಗೆ ತನ್ನ ಸರ್ವಿಸುಗಳನ್ನೆಲ್ಲ ಕಣ್ಗಾವಲಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಅದೇ ಬುದ್ಧಿಯನ್ನು ಗೆರಿಟ್ ಪೇಪ್ ರನ್‌ಇಟ್‌ನಲ್ಲಿ ಮುಂದುವರಿಸಿದರು. ಬಳಸಿದವರು ಮೆಚ್ಚಿದರು. ಬಳಸಿದವರು ಕಡಿಮೆ.

2005 ತಿರುವಿನ ವರ್ಷ. ಜನವರಿಯಲ್ಲಿ ಸನ್ ಕಂಪನಿಯ ಸೋಲಾರಿಸ್ 10 ಬಂತು, ಅದರಲ್ಲಿ ಎಸ್‌ಎಂಎಫ್. ಏಪ್ರಿಲಿನಲ್ಲಿ ಆಪಲ್‌ನ ಟೈಗರ್ ಬಂತು, ಅದರಲ್ಲಿ ಲಾಂಚ್‌ಡಿ. ಎರಡೂ ಹಳೆಯ ಸ್ಕ್ರಿಪ್ಟುಗಳನ್ನು ಪಕ್ಕಕ್ಕೆ ಸರಿಸಿ, ಸರ್ವಿಸನ್ನು ಹೇಗೆ ಶುರು ಮಾಡಬೇಕೆಂದು ಹೇಳುವ ಬದಲು ಸರ್ವಿಸ್ ಎಂಥದ್ದು, ಅದಕ್ಕೆ ಏನು ಬೇಕು ಎಂದು ಬರೆಯಲು ಹೇಳಿದವು. ಮರುವರ್ಷ ಉಬುಂಟು 6.10ರಲ್ಲಿ ಸ್ಕಾಟ್ ಜೇಮ್ಸ್ ರೆಮ್ನಂಟ್ ಬರೆದ ಹೊಸ ಇನಿಟ್ ಅಪ್‌ಸ್ಟಾರ್ಟ್ ಬಂತು. 2010ರಲ್ಲಿ ರೆಡ್ ಹ್ಯಾಟ್‌ನ ಆರನೇ ಎಂಟರ್‌ಪ್ರೈಸ್ ಆವೃತ್ತಿ ಅದನ್ನೇ ಹೊತ್ತು ಬಂದಾಗ, ಇನ್ನು ಇದೇ ಗಟ್ಟಿ ಎಂದುಕೊಂಡವರಲ್ಲಿ ನಾನೂ ಇದ್ದೆ. ಆದರೆ ಅದೇ ವರ್ಷದ ಏಪ್ರಿಲ್ 30ರಂದು ಜರ್ಮನಿಯ ಲೆನಾರ್ಟ್ ಪೊಟರಿಂಗ್ ಒಂದನೇ ಪ್ರೋಸೆಸ್ಸನ್ನು ಮೊದಲಿನಿಂದ ಯೋಚಿಸೋಣ ಎಂದು ಉದ್ದನೆಯ ಲೇಖನ ಬರೆದರು. ಅವರೂ ಕೇ ಸೀವರ್ಸ್ ಎಂಬವರೂ ಸೇರಿ ಕಟ್ಟುತ್ತಿದ್ದದ್ದು ಸಿಸ್ಟಮ್‌ಡಿ. ತಮ್ಮ ಯಂತ್ರದ ಸ್ಕ್ರಿಪ್ಟುಗಳಲ್ಲಿ ಗ್ರೆಪ್ ಎಂಬ ಪುಟ್ಟ ಪ್ರೋಗ್ರಾಮ್ 77 ಸಲ, ಆಕ್ ಎಂಬುದು 92 ಸಲ ಬರುತ್ತದೆಂದು ಅವರು ಆ ಲೇಖನದಲ್ಲಿ ಎಣಿಸಿ ತೋರಿಸಿದ್ದರು. ಯಂತ್ರ ಏಳುವಾಗ ಪ್ರತಿ ಸಲವೂ ಒಂದೊಂದು ಹೊಸ ಪ್ರೋಸೆಸ್ ಹುಟ್ಟಿ ಸಾಯಬೇಕು.

ಲಾಂಚ್‌ಡಿಯಿಂದ ಅವರು ಎತ್ತಿಕೊಂಡ ಒಂದು ಉಪಾಯವನ್ನು ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ. ಸರ್ವಿಸುಗಳು ಇನ್ನೂ ಎದ್ದಿರದಿದ್ದರೂ ಅವು ಕಿವಿಗೊಡಬೇಕಾದ ಸಾಕೆಟ್ಟುಗಳನ್ನೆಲ್ಲ ಸಿಸ್ಟಮ್‌ಡಿ ಮೊದಲೇ ತೆರೆದು ಹಿಡಿದಿಡುತ್ತದೆ. ಯಾರಾದರೂ ಮಾತಾಡಿಸಲು ಬಂದರೆ ಮಾತು ಅಲ್ಲಿ ಕಾಯುತ್ತದೆ, ಸರ್ವಿಸ್ ಎದ್ದಾಗ ಓದಿಕೊಳ್ಳುತ್ತದೆ. ಆದ್ದರಿಂದ ಒಬ್ಬರಿಗಾಗಿ ಇನ್ನೊಬ್ಬರು ಕಾಯದೆ ಎಲ್ಲ ಒಟ್ಟಿಗೆ ಏಳಬಹುದು. ಇದರ ಬೀಜ 1986ರ ಬಿಎಸ್‌ಡಿಯ ಐನೆಟ್‌ಡಿಯಲ್ಲೇ ಇದೆ.

ಬೇಗ ಏಳುವುದು ನನಗೆ ದೊಡ್ಡ ಸಂಗತಿಯಲ್ಲ. ದೊಡ್ಡದು ಸಿಸ್ಟಮ್‌ಡಿ ಬಳಸಿಕೊಂಡ ಸಿಗ್ರೂಪ್. ಒಂದು ಸರ್ವಿಸ್ ಎಷ್ಟು ಮರಿ ಹುಟ್ಟಿಸಿದರೂ, ಮರಿಗಳು ಎಷ್ಟು ಸಲ ತಬ್ಬಲಿಯಾದರೂ, ಕರ್ನಲ್ ಅವನ್ನು ಒಂದೇ ಗುಂಪಿನಲ್ಲಿ ಗುರುತಿಟ್ಟಿರುತ್ತದೆ. ಪಿಐಡಿ ಫೈಲಿನ ಊಹೆ ಬೇಕಿಲ್ಲ. ಇದನ್ನು 2006ರಲ್ಲಿ ಶುರು ಮಾಡಿದ್ದು ಗೂಗಲ್‌ನ ಎಂಜಿನಿಯರುಗಳು, ಕರ್ನಲ್ಲಿಗೆ ಸೇರಿದ್ದು 2008ರ ಜನವರಿಯ 2.6.24ರಲ್ಲಿ. ಗುಂಪುಗಳ ನಡುವೆ ಸಿಪಿಯು ಹಂಚುವ ಕೆಲಸದಲ್ಲಿ ಶ್ರೀವತ್ಸ ವಡ್ಡಗಿರಿ, ಮೆಮೊರಿಗೆ ಮಿತಿ ಹಾಕುವ ಕೆಲಸದಲ್ಲಿ ಬಲ್ಬೀರ್ ಸಿಂಗ್, ಇಬ್ಬರೂ ಬೆಂಗಳೂರಿನ ಐಬಿಎಂನಲ್ಲಿದ್ದವರು. ಇಂದು ಜಗತ್ತಿನ ಕಂಟೇನರುಗಳೆಲ್ಲ ನಿಂತಿರುವ ನೆಲದಲ್ಲಿ ಬೆಂಗಳೂರಿನ ಮಣ್ಣೂ ಇದೆ ಎಂದು ನಾನು ಹುಡುಗರಿಗೆ ಹೇಳುವುದುಂಟು. ಅವರಿಗೆ ಸ್ಟಾರ್ಟಪ್ಪುಗಳ ಸುದ್ದಿಯೇ ಹೆಚ್ಚು ಪ್ರಿಯ.

ಸಿಸ್ಟಮ್‌ಡಿಯನ್ನು ಫೆಡೋರಾ 2011ರ ಮೇಯಲ್ಲಿ ಒಪ್ಪಿಕೊಂಡಿತು, ಆರ್ಚ್ ಮರುವರ್ಷ. ಜಗಳ ನಡೆದದ್ದು ಡೆಬಿಯನ್‌ನಲ್ಲಿ. ಅವರ ತಾಂತ್ರಿಕ ಸಮಿತಿಯಲ್ಲಿ ಎಂಟು ಜನ. ಸಿಸ್ಟಮ್‌ಡಿ ಕಡೆ ನಾಲ್ಕು, ಅಪ್‌ಸ್ಟಾರ್ಟ್ ಕಡೆ ನಾಲ್ಕು. ಕೊನೆಗೆ 2014ರ ಫೆಬ್ರವರಿ 11ರಂದು ಅಧ್ಯಕ್ಷ ಬ್ಡೇಲ್ ಗಾರ್ಬಿಯವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಮೂರು ದಿನದಲ್ಲಿ ಉಬುಂಟುವಿನ ಮಾರ್ಕ್ ಶಟಲ್‌ವರ್ತ್ ತಮ್ಮದೇ ಅಪ್‌ಸ್ಟಾರ್ಟ್ ಬಿಟ್ಟು ಡೆಬಿಯನ್ ಹಿಂದೆ ಬರುವುದಾಗಿ ಹೇಳಿದರು. ಡೆಬಿಯನ್ ಒಳಗಿನ ಗಾಯ ಮಾತ್ರ ಆರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಇಯಾನ್ ಜಾಕ್ಸನ್ ಸಮಿತಿ ಬಿಟ್ಟರು, ಜೋಯಿ ಹೆಸ್ ಡೆಬಿಯನ್ನನ್ನೇ ಬಿಟ್ಟರು, ಮುನಿದ ಕೆಲವರು ಡೆವುವಾನ್ ಎಂಬ ಬೇರೆ ಮನೆ ಮಾಡುತ್ತೇವೆಂದು ಸಾರಿದರು. ಅದರ ಮೊದಲ ಆವೃತ್ತಿ ಬಂದದ್ದು 2017ರ ಮೇಯಲ್ಲಿ. ಇವರನ್ನೆಲ್ಲ ಹಳೇಕಾಲದವರೆಂದು ನಗುವುದು ಫ್ಯಾಷನ್ ಆಗಿತ್ತು. ನನಗೆ ನಗು ಬರಲಿಲ್ಲ. ಸ್ಕ್ರಿಪ್ಟನ್ನು ತೆರೆದು ಓದಬಹುದು, ನಡುವೆ ಒಂದು ಸಾಲು ಸೇರಿಸಿ ಎಲ್ಲಿ ನಿಂತಿತೆಂದು ನೋಡಬಹುದು. ಲಾಗ್ ಕೂಡ ಸಾದಾ ಅಕ್ಷರದಲ್ಲಿರದೆ ಬೈನರಿ ಫೈಲಿಗೆ ಹೋದಾಗ ಮುನಿಸಿಕೊಳ್ಳಲು ಅವರಿಗೆ ಕಾರಣವಿತ್ತು.

ಅಷ್ಟರಲ್ಲಿ ನಾನು ಬ್ಯಾಂಕು ಬಿಟ್ಟು ಶಿವಮೊಗ್ಗ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದೆ. ಡೆಬಿಯನ್ 8, ಅಂದರೆ ಜೆಸ್ಸಿ, ಬಂದದ್ದು 2015ರ ಏಪ್ರಿಲ್ 25ರಂದು. ಅದರ ಹಿಂದಿನ ವೀಜಿಯಿಂದ ಜೆಸ್ಸಿಗೆ ಹತ್ತಿದವರಿಗೆಲ್ಲ ಒಂದನೇ ಪ್ರೋಸೆಸ್ ತಾನಾಗಿ ಬದಲಾಯಿತು. ಡೆಬಿಯನ್‌ನವರು ಹಳೆಯ ಇನಿಟ್ಟನ್ನೂ ಒಂದು ಮೂಲೆಯಲ್ಲಿ ಉಳಿಸಿದ್ದರು. ಬೂಟಿನ ಸಾಲಿನಲ್ಲಿ ಅದರ ದಾರಿ ಬರೆದರೆ ಒಂದು ಸಲದ ಮಟ್ಟಿಗೆ ಹಳೆಯ ರೀತಿಯಲ್ಲೇ ಏಳಬಹುದು. ಈ ಸೌಜನ್ಯಕ್ಕೆ ನಾನು ಇವತ್ತಿಗೂ ಋಣಿ. ನಮ್ಮ ಸರ್ವರುಗಳಲ್ಲಿ ಓಡುತ್ತಿದ್ದದ್ದು ಹಾಸ್ಟೆಲ್ಲಿಗೆ ಐಪಿ ಹಂಚುವ ಡಿಎಚ್‌ಸಿಪಿ, ಸ್ಕ್ವಿಡ್ ಪ್ರಾಕ್ಸಿ, ಮೈಎಸ್‌ಕ್ಯುಎಲ್, ಲೈಬ್ರರಿಯ ಕೋಹಾ, ಅದರ ಹುಡುಕಾಟ ನಡೆಸುವ ಜೀಬ್ರಾ.

ಎಲ್ಲಕ್ಕಿಂತ ಮೊದಲು ಎಡವಿದ್ದು ಸರ್ವಿಸ್ ಅಲ್ಲ, ಡಿಸ್ಕು. ಬ್ಯಾಕಪ್ಪಿನ ಯುಎಸ್‌ಬಿ ಡಿಸ್ಕಿನ ಹೆಸರು ಬೂಟಿನಲ್ಲಿ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬಿನಲ್ಲಿತ್ತು, ಡಿಸ್ಕು ಬೀರುವಿನಲ್ಲಿತ್ತು. ಹಳೆಯ ಇನಿಟ್ ಗೊಣಗಿ ಮುಂದೆ ಹೋಗುತ್ತಿತ್ತು. ಸಿಸ್ಟಮ್‌ಡಿ 90 ಸೆಕೆಂಡು ಕಾದು, ಬರೆದದ್ದು ಇಲ್ಲವೆಂದ ಮೇಲೆ ನಾನು ಏಳುವುದಿಲ್ಲ ಎಂದು ಎಮರ್ಜೆನ್ಸಿ ಪರದೆಗೆ ಬಂದು ಕೂತಿತು. ಆ ಸಾಲಿಗೆ ನೋಫೇಲ್ ಎಂದು ಸೇರಿಸಬೇಕು. ಡಿಎಚ್‌ಸಿಪಿಯ ತಕರಾರು ಬೇರೆ: ನೆಟ್‌ವರ್ಕ್ ಟಾರ್ಗೆಟ್ ಎಂಬ ಹಂತ ಮುಗಿದ ಮೇಲೆ ಏಳು ಎಂದು ಬರೆದಿತ್ತು. ಆ ಟಾರ್ಗೆಟ್ ಮುಟ್ಟಿತೆಂದರೆ ಕಾರ್ಡಿಗೆ ಅಡ್ರೆಸ್ ಬಂದಿದೆ ಎಂದು ಅರ್ಥವಲ್ಲ. ಅದಕ್ಕೆ ನೆಟ್‌ವರ್ಕ್-ಆನ್‌ಲೈನ್ ಎಂಬ ಇನ್ನೊಂದು ಟಾರ್ಗೆಟ್ ಇದೆ, ಅದನ್ನೇ ಹೆಸರಿಸಬೇಕು. ಹಳೆಯ ಪದ್ಧತಿಯಲ್ಲಿ ಎಲ್ಲರೂ ಸಾಲಾಗಿ ಏಳುತ್ತಿದ್ದರಿಂದ ಈ ಅಂತರ ತಾನಾಗಿ ಮುಚ್ಚಿಹೋಗುತ್ತಿತ್ತು. ಒಟ್ಟಿಗೆ ಏಳಲು ಹೊರಟಾಗ ಯಾರು ಯಾರನ್ನು ನೆಚ್ಚಿದ್ದಾರೆಂಬುದು ಬಯಲಿಗೆ ಬಿತ್ತು.

ಮೈಎಸ್‌ಕ್ಯುಎಲ್ ಎದ್ದಿತು. ಆದರೆ ಪರೀಕ್ಷೆಯ ಸಮಯದಲ್ಲಿ ಹೆಚ್ಚು ಫೈಲು ತೆರೆಯಲಾಗುತ್ತಿಲ್ಲ ಎಂದು ಅಳತೊಡಗಿತು. ಹಳೆಯ ಸ್ಕ್ರಿಪ್ಟಿನ ನಡುವೆ, ನನಗಿಂತ ಮೊದಲು ಅಲ್ಲಿದ್ದ ಯಾರೋ, ತೆರೆಯಬಹುದಾದ ಫೈಲುಗಳ ಮಿತಿ ಏರಿಸುವ ಒಂದು ಸಾಲು ಬರೆದಿದ್ದರು. ಸ್ಕ್ರಿಪ್ಟ್ ಡಿಸ್ಕಿನ ಮೇಲೆ ಹಾಗೇ ಇದೆ, ತೆರೆದರೆ ಸಾಲೂ ಕಾಣುತ್ತದೆ. ಆದರೆ ಸರ್ವಿಸನ್ನು ಬಣ್ಣಿಸುವ ಯೂನಿಟ್ ಫೈಲು ಅದೇ ಹೆಸರಿನಲ್ಲಿ ಇದ್ದರೆ ಸಿಸ್ಟಮ್‌ಡಿ ಸ್ಕ್ರಿಪ್ಟಿನ ಕಡೆ ನೋಡುವುದೇ ಇಲ್ಲ. ಲಿಮಿಟ್ಸ್ ಫೈಲಿನಲ್ಲಿ ಬರೆದರೂ ಆಗದು, ಅದು ಲಾಗಿನ್ ಆಗುವ ಮನುಷ್ಯರಿಗೆ. ಇಂಥದ್ದಕ್ಕೆಲ್ಲ ದಾರಿ ಒಂದೇ: ಸಿಸ್ಟಮ್‌ಸಿಟಿಎಲ್ ಎಡಿಟ್ ಎಂದು ಕೊಟ್ಟು ಪುಟ್ಟ ಓವರ್‌ರೈಡ್ ಫೈಲು ಮಾಡಿಸಿ, ಮಿತಿಯನ್ನು ಅಲ್ಲಿ ಬರೆಯುವುದು. ಪ್ಯಾಕೇಜಿನ ಜೊತೆ ಬಂದ ಮೂಲ ಫೈಲು ಲಿಬ್ ಡೈರೆಕ್ಟರಿಯಲ್ಲಿ ಬೇರೆಯೇ ಇರುತ್ತದೆ, ಮುಂದಿನ ಅಪ್‌ಗ್ರೇಡಿನಲ್ಲಿ ನಮ್ಮ ಸಾಲು ಅಳಿಯುವುದಿಲ್ಲ. ಯಾವುದು ಕಂಪನಿಯದು, ಯಾವುದು ನಮ್ಮದು ಎಂದು ಎರಡು ಕಡೆ ಇಟ್ಟದ್ದನ್ನು ಸಿಸ್ಟಮ್‌ಡಿಯ ಅತ್ಯುತ್ತಮ ಗುಣ ಎನ್ನುತ್ತೇನೆ. ಜಗಳದಲ್ಲಿ ಈ ಮಾತು ಆಡಿದವರನ್ನು ನಾನು ಅಷ್ಟಾಗಿ ಕಾಣಲಿಲ್ಲ.

ಇನ್ನೊಂದು, ಬರೀ ನಮ್ಮ ಭಾಷೆಯವರಿಗೆ ತಾಗುವಂಥದ್ದು. ವಾಪಸು ಬಾರದ ಪುಸ್ತಕಗಳ ಪಟ್ಟಿ ಮಾಡಿ ಮೇಲ್ ಕಳಿಸುವ ನಮ್ಮದೇ ಒಂದು ಸ್ಕ್ರಿಪ್ಟ್ ಹಿನ್ನೆಲೆಯಲ್ಲಿ ಓಡುತ್ತಿತ್ತು. ಕೈಯಿಂದ ಶುರು ಮಾಡಿದರೆ ಕನ್ನಡ ಪುಸ್ತಕಗಳ ಹೆಸರು ಸರಿಯಾಗಿ ಬರುತ್ತಿತ್ತು. ಕರೆಂಟ್ ಹೋಗಿ ಬಂದ ದಿನ ಕಾರಂತರೂ ತ್ರಿವೇಣಿಯೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಲೈಬ್ರೇರಿಯನ್ ಮೇಡಂ ಇದನ್ನು ಯುಪಿಎಸ್ಸಿನ ದೋಷವೆಂದೇ ನಂಬಿದ್ದರು. ಕಾರಣ ಇಷ್ಟು: ಹಳೆಯ ಪದ್ಧತಿಯಲ್ಲಿ ಅಡ್ಮಿನ್ ಕೈಯಿಂದ ಶುರು ಮಾಡಿದ ಸರ್ವಿಸ್ ಅವನ ಭಾಷೆಯ ಸೆಟ್ಟಿಂಗು, ಅವನ ಪಾತ್ ಎಲ್ಲವನ್ನೂ ಬಳುವಳಿಯಾಗಿ ಪಡೆಯುತ್ತಿತ್ತು. ಯಂತ್ರ ತಾನಾಗಿ ಎದ್ದಾಗ ಅದೇನೂ ಇಲ್ಲ. ಸಿಸ್ಟಮ್‌ಡಿಯಲ್ಲಿ ಯಾರು ಶುರು ಮಾಡಿಸಿದರೂ ಹುಟ್ಟಿಸುವುದು ಒಂದನೇ ಪ್ರೋಸೆಸ್ಸೇ, ಅದೇ ಖಾಲಿ ಪರಿಸರದಲ್ಲಿ. ಹಾಗಾಗಿ ಬದಲಾಯಿಸಿದ ದಿನವೇ ಪ್ರಶ್ನಾರ್ಥಕಗಳು ಕೈಯಿಂದ ಶುರು ಮಾಡಿದಾಗಲೂ ಬಂದವು. ಯೂನಿಟ್ ಫೈಲಿನ ಎನ್ವಿರಾನ್‌ಮೆಂಟ್ ಸಾಲಿನಲ್ಲಿ ಯುಟಿಎಫ್-8 ಎಂದು ಬರೆದ ಮೇಲೆ ಎರಡು ಸಂದರ್ಭದಲ್ಲೂ ಹೋದವು. ಯಾವಾಗಲೂ ತಪ್ಪುವುದು, ಆಗೊಮ್ಮೆ ಈಗೊಮ್ಮೆ ತಪ್ಪುವುದಕ್ಕಿಂತ ಮೇಲು.

ಕೋಹಾದ ಹಳೆಯ ಸ್ಕ್ರಿಪ್ಟ್ ಮಾತ್ರ ಏನೂ ತಕರಾರಿಲ್ಲದೆ ನಡೆಯಿತು. ಯೂನಿಟ್ ಫೈಲು ಇಲ್ಲದ ಸ್ಕ್ರಿಪ್ಟುಗಳಿಗೆ ಸಿಸ್ಟಮ್‌ಡಿ ಬೂಟಿನಲ್ಲೇ ತಾತ್ಕಾಲಿಕ ಯೂನಿಟ್ ಮಾಡಿಕೊಳ್ಳುತ್ತಿತ್ತು. ಆ ದಾಕ್ಷಿಣ್ಯವೂ ಮುಗಿಯುತ್ತಾ ಬಂತು: 2023ರ 254ನೇ ಆವೃತ್ತಿಯ ಟಿಪ್ಪಣಿಯಲ್ಲಿ, ಸಿಸ್ಟಮ್ ಫೈವ್ ಸ್ಕ್ರಿಪ್ಟುಗಳ ಬೆಂಬಲವನ್ನು ಮುಂದೊಂದು ದಿನ ತೆಗೆಯುವುದಾಗಿ ಬರೆದರು. ತಿರುಗು ದಾರಿ ಹಿಡಿದವರ ಪಾಡು ಇದರ ಉಲ್ಟಾ. ಸಿಸ್ಟಮ್‌ಡಿ ಬಿಟ್ಟು ಸಿಸ್ಟಮ್ ಫೈವ್ ಇನಿಟ್ಟಿಗೆ ಮರಳಿದರೆ ಎಷ್ಟೋ ಪ್ಯಾಕೇಜುಗಳಲ್ಲಿ ಈಗ ಸ್ಕ್ರಿಪ್ಟೇ ಇಲ್ಲ. ಹಾಗೆ ಕೈಬಿಟ್ಟ ಸ್ಕ್ರಿಪ್ಟುಗಳನ್ನು ಒಟ್ಟುಮಾಡಿ ಡೆಬಿಯನ್‌ನಲ್ಲೇ ಒಂದು ಪ್ಯಾಕೇಜು ಮಾಡಿದ್ದಾರೆ, ಹೆಸರು ಆರ್ಫನ್-ಸಿಸ್‌ವಿಇನಿಟ್-ಸ್ಕ್ರಿಪ್ಟ್ಸ್. ಜೆಂಟೂ ಮತ್ತು ಆಲ್ಪೈನ್ ಓಪನ್‌ಆರ್‌ಸಿಯಲ್ಲಿ, ವಾಯ್ಡ್ ರನ್‌ಇಟ್‌ನಲ್ಲಿ ಸುಖವಾಗಿವೆ.

ಈಗ ನಮ್ಮ ಸರ್ವಿಸುಗಳಲ್ಲಿ ಅರ್ಧ ಕಂಟೇನರಿಗೆ ಹೋಗಿವೆ. ಮೊನ್ನೆ ಹೊಸದಾಗಿ ಸೇರಿದ ಹುಡುಗ ಕೇಳಿದ: "ಸಾರ್, ಈ ಕಂಟೇನರ್ ನಿಲ್ಸೋಕೆ ಯಾಕ್ ಸಾರ್ ಹತ್ತು ಸೆಕೆಂಡ್ ತಗೊಳತ್ತೆ?" ಕಂಟೇನರಿನ ಒಳಗೆ ನಮ್ಮ ಪ್ರೋಗ್ರಾಮೇ ಒಂದನೇ ನಂಬರು. ನಿಲ್ಲು ಎಂಬ ಸಿಗ್ನಲ್ಲಿಗೆ ಏನು ಮಾಡಬೇಕೆಂದು ತಾನಾಗಿ ಬರೆದುಕೊಂಡಿರದ ಪ್ರೋಗ್ರಾಮ್ ಒಂದನೇ ನಂಬರಾಗಿದ್ದರೆ ಕರ್ನಲ್ ಆ ಸಿಗ್ನಲ್ಲನ್ನು ಅದಕ್ಕೆ ಮುಟ್ಟಿಸುವುದಿಲ್ಲ. ಡಾಕರ್ ಹತ್ತು ಸೆಕೆಂಡು ನೋಡಿ ಕತ್ತು ಹಿಸುಕುತ್ತದೆ. ಒಂದನೇ ನಂಬರಾದ ಆ ಪ್ರೋಗ್ರಾಮಿನ ಹತ್ತಿರ ಬಂದು ಸೇರಿದ ತಬ್ಬಲಿಗಳು ಸತ್ತರೂ ಲೆಕ್ಕದಿಂದ ಹೊಡೆದುಹಾಕುವವರಿಲ್ಲದೆ ಜೋಂಬಿಗಳಾಗಿ ಉಳಿಯುತ್ತವೆ. 2017ರ ಜನವರಿಯ ಡಾಕರ್ 1.13ರಿಂದ ಇದಕ್ಕೆ ಪರಿಹಾರ ಜೊತೆಯಲ್ಲೇ ಬರುತ್ತದೆ: ಕಂಟೇನರ್ ಓಡಿಸುವಾಗ ಇನಿಟ್ ಎಂಬ ಆಪ್ಷನ್ ಕೊಟ್ಟರೆ ಟಿನಿ ಎಂಬ ಪುಟಾಣಿ ಪ್ರೋಗ್ರಾಮ್ ಒಂದನೇ ನಂಬರು ವಹಿಸಿಕೊಂಡು, ಸಿಗ್ನಲ್ ದಾಟಿಸುತ್ತದೆ, ತಬ್ಬಲಿಗಳ ಲೆಕ್ಕ ಮುಗಿಸುತ್ತದೆ. ಹುಡುಗ ಆ ಆಪ್ಷನ್ ಸೇರಿಸಿ ನಿಲ್ಲಿಸಿ ನೋಡಿದ. ಆಮೇಲೆ ಉಳಿದ ಕಂಟೇನರುಗಳ ಪಟ್ಟಿ ತೆಗೆದ.